ಪ್ಲಸ್ ಯಾವ ಕಡೆ

ಜೂನ್ 2, ಸೋಮವಾರ

ಬಸ್ ಇವತ್ತೂ ಲೇಟು. ತುರುವೇಕೆರೆಯಿಂದ ತಿಪಟೂರಿನ ತನಕ ನಿಂತೇ ಬಂದೆ. ಪಕ್ಕದವರ ಮೂಟೆಯಿಂದ ಕೊಬ್ಬರಿ ವಾಸನೆ, ಕಿಟಕಿಯಿಂದ ಮಳೆ ಎರಚಲು. ವರ್ಕ್‌ಶಾಪ್ ಸೇರಿ ಏಪ್ರನ್ ಕಟ್ಟಿ ಅರ ಹಿಡಿದು ಕೂತೆ. ಶನಿವಾರ ಲೇತ್‌ನಿಂದ ಇಳಿದ ಶಾಫ್ಟ್‌ಗಳು ರಾಶಿ ಬಿದ್ದಿದ್ದವು. ಅಂಚಿನಲ್ಲಿ ನಿಂತ ಚೂಪು ಸಿಬಿರು ತೆಗೆಯುವುದು ನನ್ನ ಕೆಲಸ. ಲೇತ್ ನಡೆಸುವ ರವೀಂದ್ರಣ್ಣ ಕಡಿಯುತ್ತಾರೆ, ನಾನು ಉಜ್ಜುತ್ತೇನೆ. ಐಟಿಐ ಮುಗಿಸಿ ಇಲ್ಲಿಗೆ ಬಂದಾಗಿನಿಂದ ಇದೇ. ಮದುವೆಯಾಗಿ, ಮಗು ಆಗಿ, ಮಗು ಸ್ಕೂಲಿಗೂ ಹೋಯಿತು — ನಾನು ಮಾತ್ರ ಅದೇ ಬೆಂಚಿನಲ್ಲಿ.

ಯುಗಾದಿಯಿಂದ ಟಾರ್ಪಲ್ ಹೊದ್ದು ಮಲಗಿದ್ದ, ಲೋಹ ಕಡಿಯುವ ಐದು ಆಕ್ಸಿಸ್ ಮಿಷನ್‌ಗೆ ಇವತ್ತು ಎಚ್ಚರವಾಯಿತು. ಸೆಕೆಂಡ್ ಹ್ಯಾಂಡ್. ಯಜಮಾನರು ಕಾಡಸಿದ್ದಪ್ಪನವರು ಯಾರನ್ನೂ ಕೇಳದೆ ತಂದುಬಿಟ್ಟಿದ್ದರು. ತಂದ ಮೇಲೆ ಮುಟ್ಟಲು ಎಲ್ಲರಿಗೂ ಹೆದರಿಕೆ. ಕಲಿಸಿಕೊಡಲು ಬೆಂಗಳೂರಿನಿಂದ ಜ್ಞಾನೇಶ್ ಎಂಬ ಹುಡುಗ ಬಂದಿದ್ದಾನೆ. ಕನ್ನಡಕ, ಹೊಸ ಶೂ. ಶೂ ಇವತ್ತೇ ಎಣ್ಣೆಯಲ್ಲಿ ಸ್ನಾನ ಮಾಡಿತು, ಪಾಪ.

ಯಜಮಾನರು ಎಲ್ಲರನ್ನೂ ಸೇರಿಸಿ ಹೇಳಿದರು. ಮನೆ ಬಳಕೆಗೆ ಚಿಕ್ಕದೊಂದು ತೆಂಗಿನಕಾಯಿ ಸುಲಿಯುವ ಯಂತ್ರ ಮಾರುಕಟ್ಟೆಗೆ ಬಿಡಬೇಕಂತೆ. ಅದರ ಎರಡು ರೋಲರ್ ಈ ಮಿಷನ್ನಿನಲ್ಲೇ ಆಗಬೇಕಂತೆ. “ರವೀಂದ್ರ ಒಂದು ಮಾಡ್ಲಿ. ಇನ್ನೊಂದು ಯಾರು ಮಾಡ್ತೀರಪ್ಪ?”

ಎಲ್ಲರೂ ನೆಲ ನೋಡಿದರು. ನಾನು ಅರ ಹಿಡಿದ ಕೈಯನ್ನೇ ಎತ್ತಿದೆ.

“ನೀನಾ?” ಅಂದರು.

“ನಾನೇ.”

“ಸರಿ ಬುಡು. ಯಾರ್ದು ಸರಿಗಾಯ್ತದೋ ಮಿಷನ್ ಅವರ ಕೈಗೆ. ಇಬ್ರಿಗೂ ಬರ್ಲಿಲ್ಲ ಅಂದ್ರೆ ಬೆಂಗ್ಳೂರ್ ಪೀಣ್ಯದಿಂದ ಆಪರೇಟರ್‌ನ ಕರುಸ್ತೀನಿ.”

ನನಗೆ ಬೇಕು ಆ ಮಿಷನ್. ಇಲ್ಲಿ ಬರೆದರೆ ಯಾರೂ ನಗುವುದಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ತುಂಬಾ ಬೇಕು.


ಜೂನ್ 3, ಮಂಗಳವಾರ

ಮಿಷನ್ ಓಡುವ ದಿಕ್ಕುಗಳಿಗೆ, ಅಂದರೆ ಆಕ್ಸಿಸ್ಸುಗಳಿಗೆ, ಹೆಸರಿಡುವುದರಿಂದ ಶುರು. ಮೊದಲು Z ಹುಡುಕಬೇಕಂತೆ. ತಿರುಗುವ ಸ್ಪಿಂಡಲ್ ಯಾವ ದಿಕ್ಕಿಗಿದೆಯೋ ಆ ದಿಕ್ಕೇ Z. ಕಡಿಯುವ ತುಂಡಿನಿಂದ ಕಟರ್ ದೂರ ಹೋದರೆ ಪ್ಲಸ್, ಹತ್ತಿರ ಬಂದರೆ ಮೈನಸ್. ಈ ಮಿಷನ್‌ನಲ್ಲಿ ಕಟರ್ ಹಿಡಿದ ಸ್ಪಿಂಡಲ್ ನೆಟ್ಟಗೆ ನಿಂತಿದೆ, ಹಾಗಾಗಿ Z ಮೇಲೆ-ಕೆಳಗೆ. ಲೇತ್‌ನಲ್ಲಿ ಸ್ಪಿಂಡಲ್ ಮಲಗಿದೆ, ಅದರ Z ಕೂಡ ಮಲಗಿದೆ.

ರವೀಂದ್ರಣ್ಣನಿಗೆ ಇದು ಅವಮಾನವಾದಂತೆ ಕಂಡಿತು. ನಾನು ಸೇರುವ ಮೊದಲಿನಿಂದ ಲೇತ್ ಅವರದ್ದೇ. “ನಂದೇ ಸರಿಯಾದ Z ಅಂತ ಇಷ್ಟ್ ದಿನ ಅಂದ್ಕಂಡಿದ್ನಲ್ಲಪ್ಪ. ಮಲಗೈತಾ ಅದು?” ಅಂತ ಲೇತ್ ಕಡೆ ಒಂದು ನೋಟ. ಮನೆಯಲ್ಲಿ ಸೋಂಬೇರಿ ಮಗನನ್ನು ನೋಡುವ ಹಾಗೆ.

X ಎಡ-ಬಲ, ಬಲಕ್ಕೆ ಪ್ಲಸ್. Y ಹಿಂದೆ-ಮುಂದೆ, ಹಿಂದಕ್ಕೆ ಪ್ಲಸ್. ಬಲಗೈಯ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಮೂರನ್ನೂ ಅಗಲಿಸಿ ಹಿಡಿದರೆ X, Y, Z. ಸುಲಭ ಅನ್ನಿಸಿತು. ಆಮೇಲೆ ಅವನು X ಪ್ಲಸ್ ಬಟನ್ ಒತ್ತಿದ. ತುಂಡು ಕೂರಿಸುವ ಟೇಬಲ್ ಎಡಕ್ಕೆ ಹೋಯಿತು!

“ವೈರ್ ಉಲ್ಟಾ!” ಅಂತ ಎಲ್ಲರೂ ಒಟ್ಟಿಗೆ ಕೂಗಿದೆವು. ಯಜಮಾನರು ತಲೆ ಮೇಲೆ ಕೈ ಇಟ್ಟುಕೊಂಡರು.

ಜ್ಞಾನೇಶ್ ನಕ್ಕ. “ಟೇಬಲ್ ನೋಡ್ಬೇಡಿ. ನೀವು ಕಟರ್ ಮೇಲೆ ಕೂತಿದ್ದೀರಿ ಅಂದ್ಕೊಳ್ಳಿ. ಬಸ್ಸಲ್ಲಿ ಕೂತಾಗ ತೋಟ ಹಿಂದಕ್ಕೆ ಓಡುತ್ತಲ್ವಾ? ತೋಟ ಹಿಂದಕ್ಕೆ ಹೋದ್ರೆ ನೀವು ಮುಂದಕ್ಕೆ ಹೋಗ್ತಿದ್ದೀರಿ. ಹಾಗೇ ಟೇಬಲ್ ಎಡಕ್ಕೆ ಹೋದ್ರೆ ಕಟರ್ ಬಲಕ್ಕೆ ಹೋದಂಗೆ. ಹೆಸರು, ಪ್ಲಸ್ಸು, ಮೈನಸ್ಸು — ಎಲ್ಲಾ ಕಟರ್ ಲೆಕ್ಕದಲ್ಲೇ.”

ಸಂಜೆ ಬಸ್ಸಿನಲ್ಲಿ ಸೀಟ್ ಸಿಕ್ಕಿತು. ದಾರಿಯುದ್ದಕ್ಕೂ ತೆಂಗಿನ ತೋಟ ಮೈನಸ್ ಕಡೆಗೆ ಓಡುವುದನ್ನು ನೋಡುತ್ತಾ ಕೂತಿದ್ದೆ. ನಾನೊಬ್ಬಳೇ ನಗುತ್ತಿದ್ದೆನಂತೆ. ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ.


ಜೂನ್ 4, ಬುಧವಾರ

ತಿರುಗುವ ಆಕ್ಸಿಸ್‌ಗಳ ಪಾಠ. X ಸುತ್ತ ತಿರುಗುವುದು A. Y ಸುತ್ತ B. Z ಸುತ್ತ C. ನಮ್ಮ ಮಿಷನ್‌ನಲ್ಲಿ ಟೇಬಲ್ ತೊಟ್ಟಿಲಿನ ಹಾಗೆ ವಾಲುತ್ತದೆ, ಅದು A. ಟೇಬಲ್ ತನ್ನಷ್ಟಕ್ಕೆ ಗಿರಗಿರ ತಿರುಗುತ್ತದೆ, ಅದು C.

“B ಎಲ್ಲಿ?” ಅಂದರು ರವೀಂದ್ರಣ್ಣ.

“B ಇಲ್ಲ ಸಾರ್.”

ಯಜಮಾನರ ಮುಖ ಕೆಂಪಾಯಿತು. ಯಾರೂ ತಡೆಯುವುದರೊಳಗೆ ಫೋನ್ ಕಿವಿಗೆ ಹೋಯಿತು. “ಏನ್ರೀ, ಐದು ಆಕ್ಸಿಸ್ ಅಂತ ಹೇಳಿ ಮಧ್ಯದ್ದೊಂದ ಕಿತ್ಕಂಡು ಕಳ್ಸಿದ್ದೀರಲ್ರೀ? A ಐತೆ, C ಐತೆ, B ಎಲ್ಲೋಯ್ತು?” ಜ್ಞಾನೇಶ್ ಓಡಿ ಬಂದು, X, Y, Z, A, C ಸೇರಿಯೇ ಐದು ಎಂದು ಬಿಡಿಸಿ ಹೇಳಿದ. ಯಜಮಾನರು ಬೆರಳು ಮಡಚಿ ಎಣಿಸಿದರು. ಮತ್ತೆ ಎಣಿಸಿದರು. “ಆಯ್ತು, ಇಡ್ರೀ ಫೋನು,” ಅಂತ ಮಾರಿದವರಿಗೇ ಗದರಿದರು. ಚಹಾ ತರುವ ಚಿಕ್ಕಗಂಗಮ್ಮ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು.

ಇನ್ನೊಂದು ಗೊಂದಲ. ಟೇಬಲ್ ಪೂರ್ತಿ ವಾಲಿದರೆ C ಅಡ್ಡ ಮಲಗಿಬಿಡುತ್ತದೆ. ಆಗ ಅದು Y ಸುತ್ತ ತಿರುಗಿದಂತೆ ಕಾಣುತ್ತದೆ. ಆಗಲಾದರೂ B ಅನ್ನಬಹುದಾ? ಇಲ್ಲ. ನೆಟ್ಟಗಿದ್ದಾಗ ಇಟ್ಟ ಹೆಸರೇ ಹೆಸರು. ನಮ್ಮ ಅತ್ತೆ ನಿಂತರೂ ಪುಟ್ಟಗೌರಮ್ಮ, ಮಲಗಿದರೂ ಪುಟ್ಟಗೌರಮ್ಮ. ಇದನ್ನು ಮನೆಯಲ್ಲಿ ಹೇಳಿದೆ. ನನ್ನ ಗಂಡ ಪುನೀತ್ ಊಟ ನೆತ್ತಿಗೇರಿಸಿಕೊಂಡ. ಅತ್ತೆ ಮಾತ್ರ ನಗಲಿಲ್ಲ. “ನನ್ನ ಯಾಕೆ ಮಿಷನ್‌ಗೆ ಕಟ್ತೀಯಾ?” ಅಂದರು.


ಜೂನ್ 6, ಶುಕ್ರವಾರ

ಜ್ಞಾನೇಶ್ ಹೊರಟುಬಿಟ್ಟ. ಇನ್ನೆಲ್ಲೋ ಮಿಷನ್ ಕೆಟ್ಟು ನಿಂತಿದೆಯಂತೆ, ಬೆಳಿಗ್ಗೆ ಫೋನ್ ಬಂತು. ಸ್ಟೇಷನ್‌ಗೆ ಆಟೋ ಹತ್ತುವಾಗ ಕೇಳಿದೆ, “ತಿರುಗೋದಕ್ಕೆ ಪ್ಲಸ್ ಯಾವ ಕಡೆ?” ಬಲಗೈ ಮುಷ್ಟಿ ಮಾಡಿ ಹೆಬ್ಬೆರಳು ಎತ್ತಿ ತೋರಿಸಿದ. “ಹೆಬ್ಬೆರಳು ಆಕ್ಸಿಸ್‌ನ ಪ್ಲಸ್ ಕಡೆಗೆ. ಬೆರಳು ಯಾವ ಕಡೆ ಸುತ್ತಿಕೊಳ್ಳುತ್ತೋ ಆ ಕಡೆ ಪ್ಲಸ್. ಉಳಿದಿದ್ದೆಲ್ಲಾ X ಥರಾನೇ ಮೇಡಂ.” ಆಟೋ ಹೊರಟಿತು.

ಎಡದ ರೋಲರ್ ರವೀಂದ್ರಣ್ಣನಿಗೆ, ಬಲದ್ದು ನನಗೆ. ರೋಲರ್ ಮೈಮೇಲೆ ಹಲ್ಲುಗಳ ಸಾಲು ಸುರುಳಿಯಾಗಿ ಸುತ್ತಿಕೊಂಡು ಹೋಗಬೇಕು. ಎಡದ್ದು ಒಂದು ಕಡೆಗೆ ಸುತ್ತಿದರೆ ಬಲದ್ದು ಅದಕ್ಕೆ ಎದುರು. ಆಗ ಎರಡೂ ಸೇರಿ ಕಾಯಿಯನ್ನು ಸುಲಿಯುತ್ತಾ ಮುಂದಕ್ಕೆ ತಳ್ಳುತ್ತವೆ. ಒಂದೊಂದು ಹಲ್ಲು ಕಡಿದ ಮೇಲೂ C ಸ್ವಲ್ಪ ತಿರುಗಬೇಕು. ಪ್ಲಸ್ ತಿರುಗಿದರೆ ಒಂದು ಸುರುಳಿ, ಮೈನಸ್ ತಿರುಗಿದರೆ ಇನ್ನೊಂದು. ಅಷ್ಟೇ ವಿಷಯ. ಬಲದ ರೋಲರ್‌ನ ಶಾಫ್ಟ್ ಗೇರ್‌ಗಾಗಿ ಉದ್ದ ಇರುವುದರಿಂದ ಒಂದನ್ನು ಇನ್ನೊಂದರ ಜಾಗಕ್ಕೆ ಹಾಕಲು ಬರುವುದಿಲ್ಲ.


ಜೂನ್ 9, ಸೋಮವಾರ

ಪ್ರೋಗ್ರಾಂ ನಾನೇ ಬರೆದೆ. ಮುಷ್ಟಿ ಮಾಡಿ, ಹೆಬ್ಬೆರಳು ಎತ್ತಿ, ಟೇಬಲ್ ಹೀಗೆ ಸುತ್ತಬೇಕು, ಅಂದರೆ ಪ್ಲಸ್. ಬೆಳಿಗ್ಗೆ ಉಕ್ಕಿನ ಬಾರನ್ನು ಟೇಬಲ್ ಮೇಲೆ ಕಟ್ಟಿ ಸ್ಟಾರ್ಟ್ ಒತ್ತಿದೆ. ಆಮೇಲೆ ಬಾಗಿಲಿನ ಗಾಜಿಗೆ ಕೂಲೆಂಟ್ ನೀರು ಬಡಿದು ಒಳಗೇನೂ ಕಾಣಲಿಲ್ಲ. ಸದ್ದು ಮಾತ್ರ ಕೇಳುತ್ತಾ ನಿಂತಿದ್ದೆ. ಎಂಥ ಚಂದದ ಸದ್ದು!

ರೋಲರ್ ಹೊರಬಂದಾಗ ಬಿಸಿಯಾಗಿತ್ತು. ಹಲ್ಲುಗಳು ಫಳಫಳ. ನನ್ನ ರೋಲರ್‌ನ ಸಿಬಿರನ್ನು ನಾನೇ ಉಜ್ಜಿದೆ, ಅದಕ್ಕೇನೂ ಬೇಜಾರಾಗಲಿಲ್ಲ. ರವೀಂದ್ರಣ್ಣ ಅವರದ್ದನ್ನು ಶನಿವಾರವೇ ಮುಗಿಸಿ ಗೋಣಿಚೀಲ ಮುಚ್ಚಿ ಇಟ್ಟಿದ್ದಾರೆ. ಪರೀಕ್ಷೆಯಲ್ಲಿ ನಾನು ಕಾಪಿ ಹೊಡೆಯುತ್ತೇನೆ ಅನ್ನುವ ಹಾಗೆ.


ಜೂನ್ 11, ಬುಧವಾರ

ಏನು ಹೇಳಲಿ!

ಎರಡೂ ರೋಲರ್ ಕೂರಿಸಿದರು. ಯಜಮಾನರು ಊದುಬತ್ತಿ ಹಚ್ಚಿ, ಕುಂಕುಮ ಇಟ್ಟು, ಒಳ್ಳೇ ದಪ್ಪ ಕಾಯಿ ಆರಿಸಿ ತಾವೇ ಯಂತ್ರದ ಬಾಯಿಗೆ ಹಾಕಿದರು. ಕಾಯಿ ಮುಂದೆ ಹೋಗಲಿಲ್ಲ, ಹಿಂದೆ ಬರಲಿಲ್ಲ. ನಿಂತಲ್ಲೇ ಬುಗುರಿಯಂತೆ ತಿರುಗಿತು. ಒಂದು ನಾರೂ ಕೀಳಲಿಲ್ಲ. ಆಮೇಲೆ ಟಣ್ ಅಂತ ಎಗರಿ, ಯಜಮಾನರ ಕಿವಿ ಪಕ್ಕ ಹಾದು, ಚಿಕ್ಕಗಂಗಮ್ಮನ ಚಹಾ ಕೆಟಲ್‌ಗೆ ಬಡಿಯಿತು.

“ಕಾಯಿ ಸುಲಿಯೋ ಮಿಷನ್ನೋ, ಹೊಡೆಯೋ ಮಿಷನ್ನೋ?” ಅಂತ ಕೂಗಿದಳು ಅವಳು. “ನಮ್ ಹಟ್ಟೀಲಿ ಕೋತಿ ಕಾಟ ಐತೆ, ನಂಗೊಂದ್ ಕೊಡಿ!”

ರೋಲರ್ ಬಿಚ್ಚಿ ಬೆಂಚಿನ ಮೇಲೆ ಪಕ್ಕಪಕ್ಕ ಇಟ್ಟೆವು. ಎರಡರ ಸುರುಳಿಯೂ ಒಂದೇ ಕಡೆಗೆ! ಅವರ ಪ್ರೋಗ್ರಾಮಿನಲ್ಲೂ ಪ್ಲಸ್, ನನ್ನದರಲ್ಲೂ ಪ್ಲಸ್. ಒಂದು ರೋಲರ್ ಮುಂದಕ್ಕೆಳೆದರೆ ಇನ್ನೊಂದು ಹಿಂದಕ್ಕೆ. ಇಬ್ಬರಲ್ಲಿ ಒಬ್ಬರದು ತಪ್ಪು.

ನನಗೆ ಸಿಟ್ಟು ಬಂದರೆ ಬಾಯಿ ನಿಲ್ಲುವುದಿಲ್ಲ. ಎಲ್ಲರ ಮುಂದೆ ಬಲಗೈ ಮುಷ್ಟಿ ಎತ್ತಿ ಪಾಠವನ್ನೇ ಮಾಡಿಬಿಟ್ಟೆ. ಹೆಬ್ಬೆರಳು ಇಲ್ಲಿ, ಬೆರಳು ಹೀಗೆ, ಟೇಬಲ್ ಹೀಗೆ, ಆದ್ದರಿಂದ ಬಲದ್ದು ಪ್ಲಸ್, ಎಡದ್ದು ಮೈನಸ್. ಜ್ಞಾನೇಶ್‌ಗೆ ಫೋನ್ ಮಾಡಿದೆವು, ಸಿಗಲಿಲ್ಲ. ರವೀಂದ್ರಣ್ಣ ಸ್ವಲ್ಪ ಹೊತ್ತು ತಮ್ಮ ಕೈ ನೋಡಿಕೊಂಡರು. “ನಂದೇ ತಪ್ಪಿರ್ಬೇಕು ಬುಡಮ್ಮ. ನಂಗ್ ಅಷ್ಟ್ ಬಿಡಿಸಿ ಹೇಳಾಕ್ ಬರಾಕಿಲ್ಲ,” ಅಂದರು.

ಯಜಮಾನರು ಅವರ ರೋಲರ್ ತೆಗೆದು ಗುಜರಿ ರಾಶಿಗೆ ಎಸೆದರು. “ಆಶಾ, ಎಡದ್ದೂ ನೀನೇ ಮಾಡು. ಮಿಷನ್ ನಿಂದೇ ಕಣಮ್ಮ.”

ಮಿಷನ್ ನನ್ನದು. ನನ್ನದು!


ಜೂನ್ 12, ಗುರುವಾರ

ನಿನ್ನೆ ಸಂಜೆ ಮೈಸೂರ್‌ಪಾಕ್ ತಂದೆ. ಅತ್ತೆ ಅದನ್ನು ಹಿಡಿದು ಬೀದಿಯ ಮನೆಮನೆಗೂ ಹೋಗಿ ಬಂದರು. “ನಮ್ ಸೊಸೆ ಐದ್ ಆಕ್ಸಿಸ್ಸು” ಅಂದರಂತೆ. ಇನ್ಯಾರೋ ಅದನ್ನು ಹೊಸ ಕಾಯಿಲೆ ಅಂತ ತಿಳಿದು ಇವತ್ತು ಬೆಳಿಗ್ಗೆ ವಿಚಾರಿಸಲು ಬಂದಿದ್ದರು.

ತವರೂರು ಸಂಪಿಗೆಯಿಂದ ಅಮ್ಮ ಫೋನ್ ಮಾಡಿದಳು. ಅವಳಿಗೂ ಸುದ್ದಿ ಮುಟ್ಟಿದೆ. ನಾನು ಸಾಧಾರಣದವಳಲ್ಲ ಅಂತ ಅವಳಿಗೆ ಮೊದಲೇ ಗೊತ್ತಿತ್ತಂತೆ. ಮೊದಲೇ ಗೊತ್ತಿದ್ದರೆ ಯಾಕೆ ಹೇಳಲಿಲ್ಲವೋ. ವರ್ಕ್‌ಶಾಪ್‌ನಲ್ಲಿ ಇವತ್ತು ಸ್ವಲ್ಪ ಜಂಭದಿಂದಲೇ ಓಡಾಡಿದೆ. ಮಿಷನ್‌ನ ಗಾಜನ್ನು ಒರೆಸಿ ಒರೆಸಿ ಸವೆಸಿದೆ. ರವೀಂದ್ರಣ್ಣ ಮಾತು ಕಡಿಮೆ ಮಾಡಿದ್ದಾರೆ. ಮಧ್ಯಾಹ್ನ ಹೊರಗೆ ಹೋಗಿ ಒಬ್ಬರೇ ಊಟ ಮಾಡಿದರು.


ಜೂನ್ 13, ಶುಕ್ರವಾರ

ಎಡದ ರೋಲರ್‌ಗೆ ಬಾರ್ ಕಟ್ಟುವ ಮೊದಲು ಖಾಲಿ ಟೇಬಲ್‌ನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದೆ. ಸುಮ್ಮನೆ. ನನ್ನ ಕೈ ಎಷ್ಟು ಸರಿ ಎಂದು ಕಣ್ಣಾರೆ ನೋಡಿ ಖುಷಿಪಡೋಣವೆಂದು. ಮುಷ್ಟಿ ಹಿಡಿದೆ, ಹೆಬ್ಬೆರಳು ಮೇಲಕ್ಕೆ. C ಪ್ಲಸ್ ಒತ್ತಿದೆ.

ಗೆರೆ ಎದುರು ದಿಕ್ಕಿಗೆ ಹೋಯಿತು.

ಮತ್ತೆ ಒತ್ತಿದೆ. ಮತ್ತೆ ಅದೇ. ವೈರ್ ಉಲ್ಟಾ ಅನ್ನೋಣ ಅಂದುಕೊಂಡೆ, ನಾಲಿಗೆ ತುದಿಯವರೆಗೂ ಬಂತು. ಆಮೇಲೆ X ಪ್ಲಸ್ ಒತ್ತಿದೆ. ಟೇಬಲ್ ಎಡಕ್ಕೆ ಹೋಯಿತು. ಅದು ಸರಿ. ಯಾಕೆ ಸರಿ ಎಂದು ನನಗೆ ಗೊತ್ತು. ಪ್ಲಸ್ ಇರುವುದು ಕಟರ್‌ಗೆ. ಟೇಬಲ್ ಓಡಿದರೆ ಎದುರಿಗೇ ಓಡಬೇಕು. ತಿರುಗುವುದಕ್ಕೂ ಅದೇ ನಿಯಮ. ಬೆರಳು ಸುತ್ತುವುದು ಕಟರ್‌ನ ದಾರಿ, ಟೇಬಲ್‌ನದಲ್ಲ. “ಉಳಿದಿದ್ದೆಲ್ಲಾ X ಥರಾನೇ ಮೇಡಂ.” ಹೇಳಿದ್ದನಲ್ಲ ಅವನು!

ಹಾಗಾದರೆ ಬಲದ್ದು ಮೈನಸ್. ಎಡದ್ದು ಪ್ಲಸ್. ತಪ್ಪಾಗಿರುವುದು ನನ್ನ ರೋಲರ್.

ಬಾರ್ ಕಟ್ಟಲಿಲ್ಲ. ತಲೆನೋವು ಅಂತ ಹೇಳಿ ಮನೆಗೆ ಬಂದೆ.


ಜೂನ್ 15, ಭಾನುವಾರ

ನಿನ್ನೆ ಕೆಲಸಕ್ಕೆ ಹೋಗಲಿಲ್ಲ. ಬರೆಯಲೂ ಇಲ್ಲ.

ಬೆಳಿಗ್ಗೆ ಅತ್ತೆಯ ಜೊತೆ ಕಾಯಿ ಸುಲಿದೆ. ನೆಲಕ್ಕೆ ನೆಟ್ಟ ಹಾರೆ. ಎರಡೂ ಕೈಯಲ್ಲಿ ಕಾಯಿ ಹಿಡಿದು ಮೊನೆಗೆ ಕುಕ್ಕಿ, ಹೊರಳಿಸಿ, ಸಿಪ್ಪೆ ಕಿತ್ತು, ಮತ್ತೆ ಕುಕ್ಕಿ. ಹಾರೆ ಅಲ್ಲಾಡುವುದಿಲ್ಲ, ಓಡಾಡುವುದೆಲ್ಲ ಕಾಯಿ. ನಡುವೆ ಒಂದು ಸಲ ಕೈ ನಿಂತುಬಿಟ್ಟಿತು. ತುರಿಯುವ ಮಣೆಯೂ ಹಾಗೇ — ಮಣೆ ನಿಂತಿರುತ್ತದೆ, ನಾವು ತಿರುಗಿಸುವುದು ಹೋಳನ್ನು. ಚಿಕ್ಕಂದಿನಿಂದ ನನ್ನ ಕೈ ಕಲಿತದ್ದು ಇದು. ದಿಕ್ಕು ಅಂದರೆ ಕಾಯಿಯ ದಿಕ್ಕು. X ಪಾಠದಲ್ಲಿ ಜಾಣೆಯಂತೆ ಕಟರ್ ಮೇಲೆ ಕೂತವಳು, C ಬಂದ ಕೂಡಲೇ ಇಳಿದು ಕಾಯಿಯ ಮೇಲೆ ಕೂತಿದ್ದೇನೆ.

“ಮಿಷನ್ ಸಿಕ್ತು ಅಂತ ಸುಲಿಯಾದೇ ಮರ್ತೋಯ್ತೇನೇ?” ಅಂದರು ಅತ್ತೆ.

ಎದ್ದು ನೀರು ಕುಡಿದು ಬಂದೆ. ಸಂಜೆವರೆಗೂ ಇದೇ ಯೋಚನೆ. ಯಾರಿಗೂ ಗೊತ್ತಾಗದ ಹಾಗೆ ಸರಿಮಾಡಿಬಿಡಬಹುದು. ಫಿನಿಶಿಂಗ್ ಇನ್ನೂ ಚೆನ್ನಾಗಿ ಬರಲಿ ಅಂತ ಹೇಳಿ ಎರಡನ್ನೂ ಹೊಸದಾಗಿ ಮಾಡಿದರೆ ಆಯಿತು. ಕಾಯಿ ಚಂದ ಸುಲಿಯುತ್ತದೆ, ಮಿಷನ್ ನನ್ನದಾಗಿಯೇ ಉಳಿಯುತ್ತದೆ. ಹೇಳಿದರೆ? ಯಜಮಾನರ ಮಾತು ಮಾತೇ. ಯಾರದ್ದು ಸರಿಯೋ ಅವರಿಗೆ. ನಾನು ಮತ್ತೆ ಅರ ಹಿಡಿದು ಕೂರಬೇಕು, ಅದೂ ಬೀದಿಗೆಲ್ಲ ಮೈಸೂರ್‌ಪಾಕ್ ಹಂಚಿದ ಮೇಲೆ. ಸೋಮವಾರ ಗುಜರಿ ಗಾಡಿ ಬರುತ್ತದೆ. ರವೀಂದ್ರಣ್ಣನ ರೋಲರ್ ಅದರಲ್ಲಿ ಹೋಗಿಬಿಟ್ಟರೆ ಕೇಳುವವರೇ ಇರುವುದಿಲ್ಲ.

ಅವರು ತಮ್ಮ ಕೈಯನ್ನು ನೋಡಿಕೊಂಡದ್ದು ನೆನಪಾಗುತ್ತದೆ. ನನಗೆ ಬಹಳ ಹೆದರಿಕೆಯಾಗುತ್ತಿದೆ. ನಾಚಿಕೆಯೂ.


ಜೂನ್ 16, ಸೋಮವಾರ

ಬಸ್ ಇವತ್ತೇ ಸರಿಯಾದ ಹೊತ್ತಿಗೆ ಬರಬೇಕಾ! ಎಲ್ಲರಿಗಿಂತ ಮೊದಲು ಹೋಗಿ ಗುಜರಿ ರಾಶಿ ಕೆದಕಿದೆ. ರೋಲರ್ ಅಡಿಯಲ್ಲಿತ್ತು. ಒಂದೆರಡು ಕಡೆ ಕೆರೆದಿದೆ ಅಷ್ಟೇ, ಹಲ್ಲು ಗಟ್ಟಿ. ಒರೆಸಿ ಬೆಂಚಿನ ಮೇಲೆ ಇಟ್ಟೆ. ಯಜಮಾನರು ಬಂದ ಕೂಡಲೇ, ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟೆ. ತಡ ಮಾಡಿದರೆ ಹೇಳುವುದಿಲ್ಲ ಅಂತ ಗೊತ್ತಿತ್ತು.

“ತಪ್ಪು ರವೀಂದ್ರಣ್ಣಂದಲ್ಲ ಯಜಮಾನ್ರೇ. ನಂದು.”

ಟೇಬಲ್‌ಗೆ ಗೆರೆ ಎಳೆದು ಎಲ್ಲರ ಮುಂದೆ ತಿರುಗಿಸಿ ತೋರಿಸಿದೆ. X ತೋರಿಸಿದೆ, C ತೋರಿಸಿದೆ, ಕಟರ್ ಯಾವುದು, ಕಾಯಿ ಯಾವುದು, ನಾನು ಎಲ್ಲಿ ಎಡವಿದೆ, ಎಲ್ಲ. ಬುಧವಾರ ಪಾಠ ಮಾಡಿದ ಅದೇ ಬಾಯಿ.

ಯಜಮಾನರು ರವೀಂದ್ರಣ್ಣನ ಕಡೆ ತಿರುಗಿದರು. “ಏನ್ಲಾ, ನೀನ್ ಮಾಡಿದ್ದೇ ಸರಿಯಂತೆ. ಅವತ್ತೇ ಯಾಕ್ ಹೇಳ್ಲಿಲ್ಲ? ಎಂಗ್ ಕಂಡುಹಿಡ್ದೆ ಪ್ಲಸ್ ಅಂತ?”

ರವೀಂದ್ರಣ್ಣ ತಲೆ ಕೆರೆದುಕೊಂಡರು. “ಅವ್ನು ಹೇಳಿದಂಗೇ. ಮುಷ್ಟಿ ಹಿಡ್ದೆ, ಟೇಬಲ್ ಸುತ್ತೋ ಕಡೆ ನೋಡ್ದೆ…” ಅಂತ ತೋರಿಸಿದರು. ಎಡಗೈಯಲ್ಲಿ!

“ಎಡಗೈ ಯಾಕಣ್ಣಾ?” ಅಂದೆ.

“ಬಲಗೈಲಿ ಪೆನ್ನು ಇತ್ತಲ್ಲಮ್ಮ, ಬರೀತಿದ್ದೆ.”

ನಾನು ಅವರ ಎಡಗೈ ನೋಡಿದೆ, ನನ್ನ ಬಲಗೈ ನೋಡಿಕೊಂಡೆ. ಎಡಗೈ ಹಿಡಿದದ್ದು ಒಂದು ತಪ್ಪು. ಟೇಬಲ್ ಲೆಕ್ಕ ಹಿಡಿದದ್ದು ಇನ್ನೊಂದು. ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿ ರೋಲರ್ ಸರಿಯಾಗಿ ಬಂದಿದೆ. ನಾನು ಒಂದೇ ತಪ್ಪು ಮಾಡಿದೆ, ಅದಕ್ಕೇ ಸಿಕ್ಕಿಬಿದ್ದೆ. ಇದನ್ನು ಬಿಡಿಸಿ ಹೇಳಿದೆ. ಮೊದಲು ನಕ್ಕವರು ರವೀಂದ್ರಣ್ಣನೇ. ಅವರು ನಕ್ಕ ಮೇಲೆ ಷೆಡ್ಡಿಗೆ ಷೆಡ್ಡೇ ನಕ್ಕಿತು. ಚಿಕ್ಕಗಂಗಮ್ಮ ಮಾತ್ರ ಸೊಟ್ಟ ಕೆಟಲ್ ಎತ್ತಿ ತೋರಿಸಿ, “ಇದ್ಕೆ ಯಾವ್ ಕೈ ಕಾರಣ, ಅದ್ನ ಮೊದ್ಲು ಹೇಳಿ,” ಅಂದಳು.

ಯಜಮಾನರು ನಗಲಿಲ್ಲ. “ಅಂದ್ರೆ ಇಬ್ರಿಗೂ ಬರಲ್ಲ. ಪೀಣ್ಯದವ್ನಿಗೆ ಹೇಳ್ತೀನಿ.” ಫೋನ್ ತೆಗೆದೇಬಿಟ್ಟರು.

ಆಗ ರವೀಂದ್ರಣ್ಣ, “ಒಂದ್ನಿಮಿಷ ಯಜಮಾನ್ರೇ,” ಅಂದರು. “ನಂಗ್ ಬರಲ್ಲ, ಸರಿ. ಆದ್ರೆ ನಂದ್ಯಾಕೆ ಸರಿಯಾಯ್ತು ಅಂತ ನಂಗೇ ಗೊತ್ತಿರ್ಲಿಲ್ಲ, ಆ ಯಮ್ಮ ಹೇಳ್ತು. ಇನ್ನೊಂದ್ ಬಾರ್ ಕೊಟ್ಟು ನೋಡಿ.”

ಯಜಮಾನರು ಫೋನನ್ನು ಜೇಬಿಗೆ ಇಳಿಸಿದರು. “ಒಂದೇ ಬಾರ್. ಅದೂ ಎಗರಿದ್ರೆ ಇಬ್ರೂ ತೆಪ್ಪಗಿರ್ಬೇಕು.”


ಜೂನ್ 17, ಮಂಗಳವಾರ

ಜ್ಞಾನೇಶ್ ಕೊನೆಗೂ ಫೋನ್ ತೆಗೆದ. ನಾನು ಹೇಳಿದ್ದೆಲ್ಲ ಸರಿಯಂತೆ. ಇನ್ನೊಂದು ಮಾತೂ ಹೇಳಿದ. ಕೆಲವು ಮಿಷನ್‌ಗಳಲ್ಲಿ ಮಾಡಿದವರೇ ತಿರುಗುವ ದಿಕ್ಕನ್ನು ಉಲ್ಟಾ ಇಟ್ಟಿರುತ್ತಾರಂತೆ. ಹಾಗಾಗಿ ಎಷ್ಟೇ ಓದಿದ್ದರೂ ಬಾರ್ ಕಟ್ಟುವ ಮೊದಲು ಖಾಲಿ ತಿರುಗಿಸಿ ನೋಡಲೇಬೇಕಂತೆ. “ನಿಮ್ಮ ಸೀಮೆಸುಣ್ಣದ ಗೆರೆ ಇದೆಯಲ್ಲ ಮೇಡಂ, ನಾನು ಮಾಡೋದೂ ಅದೇ.” ಇದನ್ನು ಆಟೋ ಹತ್ತುವ ಮೊದಲೇ ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು?

ನನ್ನ ಬಲದ ರೋಲರಿನ ಪ್ರೋಗ್ರಾಮಿನಲ್ಲಿ ಪ್ಲಸ್ ಅಳಿಸಿ ಮೈನಸ್ ಹಾಕಿದೆ. ಬದಲಾದದ್ದು ಅಷ್ಟೇ, ಒಂದು ಸಣ್ಣ ಗೆರೆ. ರವೀಂದ್ರಣ್ಣ ಪಕ್ಕದಲ್ಲಿ ನಿಂತು ಬಾರ್ ಬಿಗಿದರು. ಅವರಷ್ಟು ನೇರವಾಗಿ ಬಾರ್ ಕಟ್ಟಲು ನನಗೆ ಈ ಜನ್ಮದಲ್ಲಿ ಬರುವುದಿಲ್ಲ. ಸ್ಟಾರ್ಟ್ ಒತ್ತಿದೆ. ಇಬ್ಬರೂ ಗಾಜಿಗೆ ಮೂಗು ಒತ್ತಿಕೊಂಡು ನಿಂತೆವು, ಏನೂ ಕಾಣುವುದಿಲ್ಲ ಅಂತ ಗೊತ್ತಿದ್ದೂ.


ಜೂನ್ 18, ಬುಧವಾರ

ಎಡಕ್ಕೆ ರವೀಂದ್ರಣ್ಣನ ಹಳೇ ರೋಲರ್, ಬಲಕ್ಕೆ ನನ್ನ ಹೊಸದು. ಊದುಬತ್ತಿ ಇಲ್ಲ, ಕುಂಕುಮ ಇಲ್ಲ. ಯಜಮಾನರು ದೂರ ನಿಂತರು. ಚಿಕ್ಕಗಂಗಮ್ಮ ಕೆಟಲ್ ಸಮೇತ ಕಾಂಪೌಂಡ್ ಆಚೆಗೆ ಹೋದಳು. ಕಾಯಿ ಹಾಕಿದವಳು ನಾನೇ.

ಕರ್ ಅಂತ ಹಿಡಿಯಿತು. ಹೊರಳಿತು. ಸಿಪ್ಪೆ ಎಳೆ ಎಳೆಯಾಗಿ ಕೆಳಗೆ ಬಿತ್ತು, ಕಾಯಿ ಮುಂದಕ್ಕೆ ಹೋಗುತ್ತಾ ಹೋಗುತ್ತಾ ಬೋಳಾಯಿತು, ಆ ತುದಿಯಲ್ಲಿ ಜುಟ್ಟು ಸಮೇತ ಬುಟ್ಟಿಗೆ ಉರುಳಿತು. ಇನ್ನೊಂದು ಹಾಕಿದೆ. ಇನ್ನೊಂದು. ರವೀಂದ್ರಣ್ಣ ಮೂಟೆಯನ್ನೇ ಎಳೆದು ತಂದರು. ಮೂಟೆ ಖಾಲಿ ಮಾಡಿದೆವು. ಯಜಮಾನರು ಬುಟ್ಟಿಯಿಂದ ಒಂದು ಕಾಯಿ ಎತ್ತಿ, ಬೆರಳಿಂದ ತಟ್ಟಿ, ಅಲ್ಲಾಡಿಸಿ ನೀರಿನ ಸದ್ದು ಕೇಳಿದರು. ಮಿಷನ್‌ಗೂ ಅದಕ್ಕೂ ಏನು ಸಂಬಂಧವೋ.

ನನಗೆ ಅಳು ಬಂತು. ನಾರಿನ ಧೂಳು ಅಂದೆ. ರವೀಂದ್ರಣ್ಣನೂ ಕಣ್ಣೊರೆಸಿಕೊಂಡರು, ಅವರದ್ದು ನಿಜವಾಗಿಯೂ ಧೂಳಂತೆ.

ಯಜಮಾನರು ಫೋನ್ ತೆಗೆದು ಬಾಗಿಲಾಚೆ ಹೋದರು. ಅವರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ, ಒಳಗೆಲ್ಲ ಕೇಳಿಸಿತು. “ಪೀಣ್ಯದಿಂದ ಬರಾದು ಬೇಡ ಕಣಪ್ಪ. ಇಲ್ಲೇ ಅವ್ರೆ. ಹೂಂ… ಹೆಣ್ಮಗಳು. ಹೂಂ, ತಪ್ಪು ಮಾಡ್ತಾಳೆ. ಮಾಡಿದ್ರೆ ಹೇಳ್ತಾಳೆ.”


ಜೂನ್ 20, ಶುಕ್ರವಾರ. ಹನ್ನೊಂದು ಗಂಟೆ

ಮಿಷನ್ ಪಕ್ಕದ ಸ್ಟೂಲ್ ಮೇಲೆ ಕೂತು ಬರೆಯುತ್ತಿದ್ದೇನೆ. ಮನೆಯ ಹೊರಗೆ ಈ ಡೈರಿ ಬಿಚ್ಚಿದ್ದು ಇದೇ ಮೊದಲು. ರವೀಂದ್ರಣ್ಣ ಕಲಿಯಬೇಕು ಅಂದರು, ಹಾಗಾಗಿ ಎರಡನೇ ಯಂತ್ರದ ಎಡದ ರೋಲರ್‌ನ ಪ್ರೋಗ್ರಾಂ ಅವರದ್ದೇ. ಪೆನ್ನು ಕಿವಿಗೆ ಸಿಕ್ಕಿಸಿ ಬಲಗೈ ಮುಷ್ಟಿ ಮಾಡಿ, ಬೆಳಿಗ್ಗೆಯಿಂದ ಟೇಬಲ್ ಎದುರು ಜಗಳಕ್ಕೆ ನಿಂತವರ ಹಾಗೆ ನಿಂತಿದ್ದರು. ನಾನು ಬಾಯಿ ಹಾಕಲಿಲ್ಲ, ಕಷ್ಟಪಟ್ಟು ಸುಮ್ಮನಿದ್ದೆ. ಬಾರ್ ಕಟ್ಟಿ ಆಯಿತು. ಬಾಗಿಲು ಮುಚ್ಚಿ ಆಯಿತು. ಇನ್ನು ಸ್ಟಾರ್ಟ್ ಒತ್ತುವುದೊಂದೇ.

ಒತ್ತುತ್ತಿಲ್ಲ. ಬಟನ್ ಮೇಲೆ ಬೆರಳಿಟ್ಟುಕೊಂಡು ಈ ಕಡೆ ತಿರುಗಿದ್ದಾರೆ.

“ಆಶಮ್ಮ, ಒಂಚೂರು ಬಂದು ನೋಡ್ಬುಡು. ನೀನ್ ಸರಿ ಅಂದ್ಮೇಲೇ ಒತ್ತೀನಿ.”

ಈ ಷೆಡ್ಡಿನಲ್ಲಿ ಎಲ್ಲ ಕಡಿದು ಮುಗಿದ ಮೇಲೇ ತುಂಡು ನನ್ನ ಹತ್ತಿರ ಬರುತ್ತಿತ್ತು. ಕಡಿಯುವುದಕ್ಕೆ ಮೊದಲು ನನಗಾಗಿ ಯಾರೂ ಕಾದದ್ದಿಲ್ಲ. ಇವರು ಕಾಯುತ್ತಿದ್ದಾರೆ, ಬೆರಳು ಎತ್ತದೆ, ನಾನು ಬರುವ ತನಕ. ಪೆನ್ನು ಮುಚ್ಚಿ ಎದ್ದು ಹೋಗಬೇಕು, ಇನ್ನೊಂದು ಸಾಲು ಬರೆದು — ಬಂದೆ ಅಣ್ಣಾ, ಬಂ